ಸೇತುವೆ ಆಚೆಯ ಹೌದು

ನಮ್ಮೂರಿನಲ್ಲಿ ಹೌದು ಸಿಗುವುದಿಲ್ಲ. ಇಲ್ಲ ಬೇಕಾದಷ್ಟಿದೆ. ಬೇಡ, ಆಗಲ್ಲ, ಗೊತ್ತಿಲ್ಲ, ನೋಡೋಣ, ಇವೆಲ್ಲ ತೊದಲು ಮಾತಿನ ಮಕ್ಕಳಿಗೂ ಬರುತ್ತವೆ. ಹೌದು, ಹೂಂ, ಸರಿ, ಆಗಲಿ, ಈ ಜಾತಿಯವು ಮಾತ್ರ ನಾಲಿಗೆಗೆ ಬರುವುದಿಲ್ಲ. ತಲೆಯೂ ಆ ದಿಕ್ಕಿಗೆ ಆಡುವುದಿಲ್ಲ. ಅದರಿಂದ ದಿನದ ಬದುಕಿಗೆ ಅಂಥ ತೊಂದರೆಯೇನಿಲ್ಲ. ಹೋಟೆಲಿನಲ್ಲಿ "ಕಾಫಿ ಕೊಡಲಾ?" ಅಂದರೆ "ಬೇಡ ಅನ್ನಲ್ಲ" ಅನ್ನುತ್ತೇವೆ, ಕಾಫಿ ಬರುತ್ತದೆ. ಆದರೆ ಮದುವೆಗೆ, ಕೋರ್ಟಿಗೆ, ಮನೆ ಕಟ್ಟುವುದಕ್ಕೆ "ಬೇಡ ಅನ್ನಲ್ಲ" ಸಾಲುವುದಿಲ್ಲ. ಅಲ್ಲಿ ಗಟ್ಟಿ ಹೌದೇ ಬೇಕು. ಅಂಥದ್ದನ್ನು ಸೇತುವೆ ಆಚೆಯ ಊರಿಗೆ ಕಾರ್ಡು ಬರೆದು ತರಿಸಿಕೊಳ್ಳುತ್ತಿದ್ದೆವು. ನಮ್ಮ ಬಸ್ ಡ್ರೈವರ್ ಲಾಜರಸ್ ಅವರ ಮಗಳು ಪ್ರೆಸಿಲ್ಲಾಳ ಮದುವೆಯ ಹೌದು ಬಂದಿದ್ದು ಚಪ್ಪರ ಬಿಚ್ಚಿ ಬಾಡಿಗೆ ಪಾತ್ರೆ ವಾಪಸು ಕಳಿಸಿದ ಮೇಲೆ. ಪಾತ್ರೆ ಮತ್ತೆ ತರಿಸಿದರು.

ಸೇತುವೆ ದಾಟಿ ಹೋಗಿ ಕೈಯಾರೆ ತರಬಹುದಿತ್ತಲ್ಲ ಅಂತ ಯಾರಾದರೂ ಕೇಳಬಹುದು. ನಮ್ಮವರು ಆಚೆಗೆ ಹೋಗುವುದು ಕಡಿಮೆ. ಅಲ್ಲಿ ಎದುರಿಗೆ ಸಿಕ್ಕವರು "ಚೆನ್ನಾಗಿದ್ದೀರಾ?" ಅನ್ನುತ್ತಾರೆ. ಚೆನ್ನಾಗಿಲ್ಲ ಅಂತೇನಿಲ್ಲ ಅಂದರೆ ಇವರಿಗೆ ಏನೋ ಕೋಪ ಅಂದುಕೊಂಡು ಮಜ್ಜಿಗೆ ಕೊಟ್ಟು ಸಮಾಧಾನ ಮಾಡಲು ಬರುತ್ತಾರೆ. ಆ ಮುಜುಗರ ಯಾರಿಗೆ ಬೇಕು?

ಹೀಗಿರುವಾಗ ಆಚೆಯ ಊರಿನವರು ಹೌದನ್ನು ತಂತಿಯ ಮೇಲೆ ಕಳಿಸಲು ಶುರು ಮಾಡಿದ್ದಾರೆ ಅನ್ನುವ ಸುದ್ದಿ ಬಂತು. ಇಲ್ಲಿಂದ ಕಂಪ್ಯೂಟರಿನಲ್ಲಿ ಪ್ರಶ್ನೆ ಕಳಿಸಿದರೆ, ಅಲ್ಲಿಂದ ಉತ್ತರ ಕಾಫಿ ಆರುವಷ್ಟರಲ್ಲಿ ಬರುತ್ತದಂತೆ. ನನಗೆ ಕೆಲಸ ಸಿಕ್ಕಿದ್ದು ಆಗ. ನನಗೆ ಬರುತ್ತಿದ್ದದ್ದು ಅದೊಂದೇ ವಿದ್ಯೆ: ಅಂಗಡಿಯ ವ್ಯವಹಾರವನ್ನು ಹಂತ ಹಂತವಾಗಿ ಬಿಡಿಸಿ, ಯಾವ ಹಂತದಲ್ಲಿ ಹೊರಗಿನವರನ್ನು ಕರೆಯಬೇಕು, ಪ್ರಶ್ನೆಯನ್ನು ಯಾವ ರೂಪದಲ್ಲಿ ಕಟ್ಟಿ ಕೊಡಬೇಕು, ಬಂದ ಉತ್ತರವನ್ನು ಎಲ್ಲಿ ಇಡಬೇಕು ಅಂತ ಕಂಪ್ಯೂಟರಿಗೆ ಹೇಳಿಕೊಡುವುದು. ಕನ್ನಡಕದ ಅಂಗಡಿಯ ವಜ್ರಕುಮಾರ ಶೆಟ್ಟರು ಹೇಳಿ ಕಳಿಸಿದರು.

"ಮಂದಾಕಿನೀ, ನಾಳೆಯಿಂದ ಬರ್ತೀಯಾ?" ಅಂದರು.

"ಬರದೆ ಇರಲ್ಲ ಶೆಟ್ರೇ," ಅಂದೆ.

ಶೆಟ್ಟರ ಕಷ್ಟ ದೊಡ್ಡದು. ಕಣ್ಣು ಪರೀಕ್ಷೆ ಅಂದರೇನು? ಗಾಜು ಹಾಕಿ, ಹಲಗೆಯ ಅಕ್ಷರ ತೋರಿಸಿ, ಕಾಣುತ್ತಾ ಅಂತ ಕೇಳುವುದು. ಕೂತವರು "ಕಾಣಲ್ಲ ಅಂತೇನಿಲ್ಲ" ಅನ್ನುವರು. "ಕಾಣಲ್ಲ ಅಂತೇನಿಲ್ಲ ಅಂದರೆ ಎಷ್ಟು ಪವರ್ ಹಾಕಲಿ?" ಅಂತ ಶೆಟ್ಟರು ತಲೆ ಚಚ್ಚಿಕೊಳ್ಳುವರು. ಓದಿ ಹೇಳಿ ಅಂದರೆ ಓದುತ್ತಿದ್ದರು, ಆದರೆ ಓದಿದ್ದು ಒಪ್ಪು ಅಂತ ಹೇಳುವ ಬಾಯಿ ಶೆಟ್ಟರಿಗೂ ಇರಲಿಲ್ಲ. ಒಂದೊಂದು ಅಕ್ಷರಕ್ಕೂ ಒಂದೊಂದು ಕಾರ್ಡು. ಬೇಸಿಗೆಯಲ್ಲಿ ಕೂತವರಿಗೆ ಕನ್ನಡಕ ಸಿಗುವ ಹೊತ್ತಿಗೆ ಚಳಿಗಾಲ ಬಂದು, ಕಣ್ಣು ಇನ್ನಷ್ಟು ಮಂಜಾಗಿರುತ್ತಿತ್ತು.

ನಾನು ಕೂತು ಹಂತಗಳನ್ನು ಜೋಡಿಸಿದೆ. ಗಿರಾಕಿ ಬರುತ್ತಾರೆ, ಕುರ್ಚಿಯಲ್ಲಿ ಕೂರುತ್ತಾರೆ, ಪೆಟ್ಟಿಗೆಯ ಮೊದಲ ಗಾಜು ಹಾಕುತ್ತೇವೆ, ಅಕ್ಷರ ತೋರಿಸುತ್ತೇವೆ. ಅವರು ಹೇಳಿದ್ದನ್ನು ಹಾಗೆ ಹಾಗೇ ಬರೆದು ಆಚೆಗೆ ಕಳಿಸುತ್ತೇವೆ. ಹೌದು ಬಂದರೆ ಮುಂದಿನ ಅಕ್ಷರ, ಇಲ್ಲ ಬಂದರೆ ಮುಂದಿನ ಗಾಜು. ಆಚೆಯ ಊರಿನ ವಿಳಾಸ, ನಮ್ಮ ಗುರುತಿನ ಗುಟ್ಟುಪದ, ಎಲ್ಲ ತುಂಬಿದ ಮೇಲೆ ಕಂಪ್ಯೂಟರು ಇನ್ನೊಂದು ಕೇಳಿತು.

"ಉತ್ತರ ಬರದೆ ಇದ್ದರೆ ಎಷ್ಟು ಹೊತ್ತು ಕಾಯಬೇಕು ಶೆಟ್ರೇ?"

"ಬರೋವರೆಗೂ."

"ಬರದೇ ಹೋದರೆ?"

"ಯಾಕೆ ಬರಲ್ಲ? ಆಚೆಯವರು ಯಾವತ್ತಾದರೂ ನಮ್ಮ ಕಾರ್ಡಿಗೆ ಉತ್ತರ ತಪ್ಪಿಸಿದ್ದಾರಾ?"

"ತಪ್ಪಿಸಿಲ್ಲ."

"ಮತ್ತೆ! ಇನ್ನೊಂದು ಸೇರಿಸು. ಒಬ್ಬರದು ಮುಗಿಯೋವರೆಗೂ ಇನ್ನೊಬ್ಬರನ್ನು ಕೂರಿಸಬಾರದು. ಕೂತವರು ಏಳಬಾರದು. ಅರ್ಧಕ್ಕೆ ಎದ್ದು ಬೀಡಿ ಸೇದೋಕೆ ಹೋಗಿ ನನ್ನ ಗಾಜು ಹಾಕ್ಕೊಂಡೇ ಮನೆಗೆ ಹೋಗ್ತಾರೆ."

ಎಲ್ಲ ಸೇರಿಸಿದೆ. ಕೊನೆಗೆ ಪರದೆಯ ಮೇಲೆ "ಇದನ್ನು ಉಳಿಸಲೇ?" ಅಂತ ಬಂದು, ಕೆಳಗೆ ಹೌದು, ಇಲ್ಲ ಎರಡು ಗುಂಡಿ ಕಾಣಿಸಿದವು. ನನ್ನ ಬೆರಳು ಇಲ್ಲದ ಕಡೆಗೇ ಜಾರಿತು. ಶೆಟ್ಟರೂ ಒತ್ತಿ ನೋಡಿದರು, ಅವರದೂ ಜಾರಿತು. ಆಚೆಯಿಂದ ಹೌದು ತರಿಸುವ ಏರ್ಪಾಡನ್ನು ಉಳಿಸಲಿಕ್ಕೇ ಒಂದು ಹೌದು ಬೇಕಾಗಿತ್ತು.

ಲ್ಯಾಪ್‌ಟಾಪನ್ನು ಚೀಲದಲ್ಲಿ ಹಾಕಿಕೊಂಡು ಲಾಜರಸ್ ಅವರ ಬಸ್ಸು ಹತ್ತಿದೆ. ಅದು ಊರಿನ ಒಂದೇ ಬಸ್ಸು, ಮಾರುಕಟ್ಟೆಯಿಂದ ಸೇತುವೆಯವರೆಗೆ ಓಡುತ್ತದೆ. ಲಾಜರಸ್ ಅವರಿಗೆ ಕಣ್ಣು ಮಂಜಾಗಿ ಬಹಳ ಕಾಲವಾಗಿತ್ತು. ಜನ ಅದಕ್ಕೆ ಒಗ್ಗಿಕೊಂಡಿದ್ದರು. ಮುಂದೆ ಕೂತವರೆಲ್ಲ ಸೇರಿ ಓಡಿಸುತ್ತಿದ್ದರು. ಈ ದಾರಿ ಸರಿ ಅನ್ನಲು ಬಾಯಿ ಬಾರದ ಕಾರಣ "ಎಡಕ್ಕಲ್ಲ, ಎಡಕ್ಕಲ್ಲ! ಹಸು ಮೇಲಲ್ಲ!" ಅಂತ ಕೂಗುವರು. ಲಾಜರಸ್ ಉಳಿದ ದಾರಿಯಲ್ಲಿ ಹೋಗುವರು. ಇಳಿಯುವ ಜಾಗ ತಪ್ಪಿದರೆ ಯಾರೂ ಬೈಯುತ್ತಿರಲಿಲ್ಲ. ಇಳಿದ ಕಡೆಯೇ ಏನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದರು.

ಲಾಜರಸ್ ಜೊತೆ ಸೇತುವೆ ದಾಟಿದರೆ ಆಚೆ ತುದಿಯಲ್ಲಿ ಒಬ್ಬಾತ ಬಾತುಕೋಳಿ ಮೇಯಿಸುತ್ತಿದ್ದ. "ಅಣ್ಣಾ, ಈ ಗುಂಡಿ ಒತ್ತುತ್ತೀರಾ?" ಅಂದೆ. "ಹೌದು," ಅಂದ, ಒತ್ತಿದ. ಆ ಪದ ಅಷ್ಟು ಸಲೀಸಾಗಿ ಒಂದು ಬಾಯಿಂದ ಉದುರಿದ್ದು ಕಂಡು ನಾನು ಅವನ ಬಾಯನ್ನೇ ನೋಡಿದೆ. ಲಾಜರಸ್ ತಮಾಷೆಗೆ "ಒಂದು ಬಾತುಕೋಳಿ ಕೊಡ್ತೀಯೇನಪ್ಪಾ?" ಅಂದರು. ಆತ ಹೌದು ಅಂದು ಒಂದನ್ನು ಎತ್ತಿ ಕೊಟ್ಟೇಬಿಟ್ಟ. ಎಂಥ ಉದಾರಿಗಳು ಅಂದುಕೊಂಡೆವು.

ಏರ್ಪಾಡು ಚೆನ್ನಾಗಿ ನಡೆಯಿತು. ಅಂಗಡಿಯ ಮುಂದೆ ಸಾಲು ನಿಂತಿತು. ಶೆಟ್ಟರ ಹಲಗೆ ರಸ್ತೆಗೇ ಕಾಣುವ ಹಾಗಿದ್ದು, ಅದರ ಮೊದಲ ಸಾಲು ಊರಿಗೆಲ್ಲ ಬಾಯಿಪಾಠ. ಗಿರಾಕಿಗಳು ಕೂತ ಕೂಡಲೇ ಒಪ್ಪಿಸುವರು, ಆಚೆಯಿಂದ ಹೌದು ಬರುವುದು. ಕೆಳಗಿನ ಸಾಲುಗಳಲ್ಲಿ ತೋಚಿದ್ದು ಹೇಳುವರು, ಅದಕ್ಕೂ ಹೌದು. ಹಿಟ್ಟಿನ ಗಿರಣಿಯ ಯಜಮಾನರಿಗೆ 'ಭ' ತೋರಿಸಿದರೆ ಬೆಕ್ಕು ಅಂದರು. ಹೌದು ಬಂತು. ನಾನು ಶೆಟ್ಟರ ಮುಖ ನೋಡಿದೆ. "ಹೊರಗಿನವರೇ ಹೇಳಿದ ಮೇಲೆ ನಾವ್ಯಾರು?" ಅಂದರು ಅವರು. ಎಲ್ಲರಿಗೂ ಪೆಟ್ಟಿಗೆಯ ಮೊದಲ ಗಾಜೇ ಹೊಂದಿತು. "ನಮ್ಮೂರಿನ ಕಣ್ಣೆಲ್ಲ ಒಂದೇ ಅಳತೆ, ನೋಡಿದೆಯಾ!" ಅಂತ ಶೆಟ್ಟರು ಹಿಗ್ಗಿದರು. ಊರಿನ ಅರ್ಧ ಜನ ಕನ್ನಡಕ ಹಾಕಿಕೊಂಡು ಗಂಭೀರವಾಗಿ ಓಡಾಡತೊಡಗಿದರು.

ಒಂದು ಬುಧವಾರ ಲಾಜರಸ್ ಬಸ್ಸನ್ನು ಅಂಗಡಿಯ ಮುಂದೆ, ಹೆಚ್ಚು ಕಡಿಮೆ ಅಂಗಡಿಯ ಒಳಗೇ, ನಿಲ್ಲಿಸಿ ಇಳಿದು ಬಂದರು.

"ತಂಗೀ, ಸೇತುವೆ ಆಚೆ ಗಂಡನ ಮನೆಯಲ್ಲಿ ಪ್ರೆಸಿಲ್ಲಾಗೆ ಹೆಣ್ಣು ಮಗು. ಭಾನುವಾರ ಎತ್ತಿಕೊಂಡು ಸೇತುವೆ ಹತ್ತಿರ ಬರ್ತಾಳೆ. ಬಸ್ಸು ಓಡಿಸೋಕೆ ನನಗೇನೂ ಕನ್ನಡಕ ಬೇಕಾಗಿರಲಿಲ್ಲ, ಜನ ಇದ್ದಾರೆ. ಮಗು ಮುಖ ನೋಡೋದಕ್ಕೆ ಜನ ಇಟ್ಟುಕೊಳ್ಳೋಕಾಗಲ್ಲ," ಅಂದರು.

ಶೆಟ್ಟರು ಅವರನ್ನು ಕೂರಿಸಿ, ಪರೀಕ್ಷೆಯ ದಪ್ಪ ಫ್ರೇಮು ಮೂಗಿನ ಮೇಲಿಟ್ಟು, ಮೊದಲ ಗಾಜು ಸಿಕ್ಕಿಸಿದರು. "ಮೇಲಿನ ದೊಡ್ಡ ಅಕ್ಷರ ಯಾವುದು?"

ಲಾಜರಸ್ ಬಹಳ ಹೊತ್ತು ನೋಡಿದರು. ಆ ಹಲಗೆಯನ್ನು ಅವರು ರಸ್ತೆಯಿಂದಲೂ ಯಾವತ್ತೂ ಕಂಡವರಲ್ಲ. "ಕಾಣಿಸ್ತಿಲ್ಲ ಶೆಟ್ರೇ," ಅಂದರು.

ಹೇಳಿದ್ದನ್ನು ಹಾಗೇ ಕಳಿಸಬೇಕೆಂದು ನಿಯಮ. "ಕಾಣಿಸ್ತಿಲ್ಲ" ಅಂತ ಬರೆದು ಕಳಿಸಿದೆ. ಪರದೆಯ ಮೇಲೆ ಸಣ್ಣ ಚಕ್ರ ತಿರುಗತೊಡಗಿತು. ಕಾಫಿ ಆರಿತು. ಇನ್ನೊಂದು ತರಿಸಿದೆವು, ಅದೂ ಆರಿತು. ಮಧ್ಯಾಹ್ನವಾಯಿತು. ಚಕ್ರ ತಿರುಗುತ್ತಲೇ ಇತ್ತು.

"ನಾನು ಏಳಬಾರದಾ?" ಅಂದರು ಲಾಜರಸ್.

"ಏಳಬಾರದು," ಅಂದರು ಶೆಟ್ಟರು. "ನಿಮ್ಮದು ಮುಗಿದಿಲ್ಲ."

ರದ್ದು ಮಾಡೋಣ ಅಂತ ಹೋದೆ. "ನಿಜಕ್ಕೂ ರದ್ದು ಮಾಡಲೇ?" ಅಂತ ಕೇಳಿ ಅದೇ ಎರಡು ಗುಂಡಿ ತೋರಿಸಿತು. ಆಚೆಗೆ ಒಯ್ದು ಒತ್ತಿಸೋಣವೆಂದರೆ ಬಸ್ಸಿನ ಡ್ರೈವರೇ ಕುರ್ಚಿಯಲ್ಲಿ ಸಿಕ್ಕಿಕೊಂಡಿದ್ದರು. ಕಂಪ್ಯೂಟರನ್ನೇ ಆರಿಸಿ ಮತ್ತೆ ಹಚ್ಚಿದೆ. ನಿಷ್ಠೆಯಿಂದ ಅಲ್ಲಿಗೇ ಬಂದು ಮತ್ತೆ ಚಕ್ರ ತಿರುಗಿಸಿತು.

ಮಾರನೆಯ ದಿನ ಪ್ರಯಾಣಿಕರು ಬಂದರು. ಡ್ರೈವರ್ ಇರುವ ಕಡೆ ತಾನೇ ಬಸ್ಸು ಅನ್ನುವುದು ಅವರ ಲೆಕ್ಕ. ಲಾಜರಸ್ ಅವರ ಹಿಂದೆ ಅಂಗಡಿಯ ಬೆಂಚು, ಸ್ಟೂಲುಗಳನ್ನು ಎರಡೆರಡಾಗಿ ಜೋಡಿಸಿ ಕೂತರು. ಕಿಟಕಿ ಪಕ್ಕದ ಜಾಗಕ್ಕೆ ಜಗಳವಾಯಿತು. ಕೆಲವರು ಮುಂದಿನ ಸಾಲಿನಿಂದ "ಎಡಕ್ಕಲ್ಲ" ಅಂತ ಆಗಾಗ ಅನ್ನುತ್ತಿದ್ದರು, ಪಾಪ, ಅಭ್ಯಾಸ. ಹೊತ್ತಾದ ಮೇಲೆ ಒಬ್ಬೊಬ್ಬರೇ ಇಳಿದು, ಅಂದರೆ ಎದ್ದು, ಮನೆಗೆ ನಡೆದರು. ಲಾಜರಸ್ ಅವರ ಹೆಂಡತಿ ಬುತ್ತಿ ತಂದು ಉಣ್ಣಿಸಿ ಹೋದರು. ಅವರು ಕುರ್ಚಿಯಲ್ಲೇ ಉಂಡರು, ಕುರ್ಚಿಯಲ್ಲೇ ಒರಗಿದರು, ಫ್ರೇಮು ಮೂಗಿನ ಮೇಲೆ ಕೆಂಪು ಗುರುತು ಮಾಡಿತು.

ಶುಕ್ರವಾರ ಅವರು ನನ್ನನ್ನು ಹತ್ತಿರ ಕರೆದರು. ದನಿ ಕುಸಿದಿತ್ತು. "ನಾನು ಬೇಕಂತ ಸುಳ್ಳು ಹೇಳಬಹುದಿತ್ತು ತಂಗೀ. ಯಾವುದಾದರೂ ಅಕ್ಷರ ಅನ್ನಬಹುದಿತ್ತು. ಡ್ರೈವಿಂಗ್ ಸೀಟಿನಲ್ಲಿ ಕೂತು ಕೂತು ಅಭ್ಯಾಸ, ಕಾಣದೆ ಇದ್ದಾಗ ಕಾಣ್ತಿಲ್ಲ ಅಂತಾನೇ ಕೂಗಬೇಕು, ಇಲ್ಲಾಂದ್ರೆ ಹಿಂದೆ ಕೂತವರು ಸಾಯ್ತಾರೆ. ಭಾನುವಾರ ಅವಳು ಅಲ್ಲಿ ಬಿಸಿಲಲ್ಲಿ ನಿಂತಿರ್ತಾಳೆ. ಬಸ್ಸು ಬರಲಿಲ್ಲ ಅಂದರೆ ಅಪ್ಪನಿಗೆ ಮನಸ್ಸಿಲ್ಲ ಅಂದುಕೊಂಡು ತಿರುಗಿ ಹೋಗ್ತಾಳೆ. ಮದುವೆ ಸಮಯದಲ್ಲೂ ಹಾಗೇ ಅಂದುಕೊಂಡಿದ್ದಳು, ನಾನು ಒಪ್ಪಿಲ್ಲ ಅಂತ."

ಅವರು ಅತ್ತಿದ್ದನ್ನು ನಾನು ಆವರೆಗೆ ನೋಡಿರಲಿಲ್ಲ. ಶನಿವಾರ ಬೆಳಿಗ್ಗೆ ಯಾರಿಗೂ ಹೇಳದೆ ಸೇತುವೆ ದಾಟಿದೆ.

ವಿಳಾಸ ನಾನೇ ತುಂಬಿದ್ದರಿಂದ ಹುಡುಕುವುದು ಕಷ್ಟವಾಗಲಿಲ್ಲ. ಅಂಚೆ ಕಚೇರಿಯ ಹಿಂದೆ ಒಂದು ಕೋಣೆ, ಒಂದು ಕಂಪ್ಯೂಟರು, ಒಬ್ಬಳೇ ಹೆಂಗಸು. ನನ್ನ ವಯಸ್ಸಿನವಳು. ಹೆಸರು ಚಂಪಾವತಿ ಅಂದಳು. ಕೋಣೆಯ ತುಂಬ ಬೇರೆಯವರ ಸಾಮಾನು. ಮೂಲೆಯಲ್ಲಿ ಒಂದು ಎಮ್ಮೆ ಕರು ಕಟ್ಟಿತ್ತು.

"ಕರು ನಿಮ್ಮದಾ?"

"ಎದುರು ಮನೆಯವರದು. ನೋಡ್ಕೋತೀಯಾ ಅಂತ ಕೇಳಿದರು, ಹೌದು ಅಂದೆ."

ನಾವು ಮಾತಾಡುತ್ತಿರುವಾಗಲೇ ಒಬ್ಬ ಮುದುಕಿ ಬಾಗಿಲಲ್ಲಿ ನಿಂತು, ನಾಳೆ ನಮ್ಮ ಮನೆ ಹಿಟ್ಟು ಬೀಸಿ ಕೊಡ್ತೀಯಾ ಅಂದಳು. "ಹೌದಜ್ಜೀ," ಅಂದಳು ಚಂಪಾವತಿ, ನಿಟ್ಟುಸಿರು ಬಿಟ್ಟು. ನನ್ನ ತಲೆಯಲ್ಲಿ ಏನೋ ಹೊಳೆಯಿತು. "ನಿಮ್ಮೂರಿನಲ್ಲಿ ಯಾರೂ ಇಲ್ಲ ಅನ್ನೋದೇ ಇಲ್ಲವಾ?"

ಅವಳು ಆ ಪದ ಕೇಳಿ ಬೆಚ್ಚಿದಳು. "ಅದೇ! ಅದೇ ಪದ! ಬುಧವಾರ ನಿಮ್ಮ ಕಡೆಯಿಂದ ಅದು ಬಂತು. ನೋಡಿದ ಕೂಡಲೇ ನನ್ನ ಕೈ ನಿಂತುಹೋಯಿತು. ನಮ್ಮೂರಿನ ನಾಲಿಗೆಗೆ ಹೌದು ಒಂದೇ ಗೊತ್ತು. ನಿಮ್ಮ ಜನ ಏನು ಓದಿದರೂ ಹೌದು ಅಂತ ಒತ್ತುತ್ತಿದ್ದೆ. ಇದಕ್ಕೆ ಹೌದು ಅಂದರೆ ಏನಾಗುತ್ತೆ? ಅವರಿಗೆ ಕುರುಡು ಅಂತ ನಾನೇ ಬರೆದು ಕೊಟ್ಟ ಹಾಗೆ. ಇನ್ನೊಂದು ಗುಂಡಿಯ ಕಡೆ ಬೆರಳು ಒಯ್ದರೆ ಬೆರಳು ಜಾರುತ್ತೆ. ಆ ಪದಕ್ಕೆ ಏನು ಮಾಡಲಿ ಅಂತ ನಿಮ್ಮ ಪುರಸಭೆಗೆ ಕೇಳಿ ಕಾಯ್ತಾ ಕೂತಿದ್ದೇನೆ."

"ಪುರಸಭೆಗೆ ಏನಂತ ಕೇಳಿದಿರಿ?"

"ಇದನ್ನು ತಪ್ಪು ಅಂತ ತಿಳಿಯಬಹುದಾ ಅಂತ."

ನಮ್ಮ ಪುರಸಭೆ ಅದಕ್ಕೆ ಹೌದು ಅನ್ನಬೇಕಾಗಿತ್ತು. ಪುರಸಭೆಯ ಗುಮಾಸ್ತರು ಆ ಪ್ರಶ್ನೆಯನ್ನು ಹೌದು ತರಿಸಿಕೊಳ್ಳಲು ಆಚೆಯ ಊರಿಗೆ ಕಳಿಸಿದ್ದರು. ಅದು ಚಂಪಾವತಿಯ ಕಂಪ್ಯೂಟರಿನಲ್ಲಿ, ನಮ್ಮ ಲಾಜರಸ್ ಅವರ ಪ್ರಶ್ನೆಯ ಹಿಂದೆ, ಸಾಲಿನಲ್ಲಿ ನಿಂತಿತ್ತು.

ಇಬ್ಬರೂ ಪರದೆಗೆ ಬಗ್ಗಿ ಆ ಸಾಲನ್ನು ಓದಿದೆವು. ಆಮೇಲೆ ನಗು ಬಂತು. ಕರು ಗಾಬರಿಯಿಂದ ಎದ್ದು ನಿಲ್ಲುವಷ್ಟು ನಕ್ಕೆವು. ನಗು ನಿಂತ ಮೇಲೆ ನಾನು ಕೇಳಿದೆ: "ನಾಳೆ ಬೆಳಿಗ್ಗೆ ಸೇತುವೆ ಮೇಲೆ ಬರ್ತೀರಾ? ನಾನು ಇಲ್ಲ ಅನ್ನುತ್ತೇನೆ, ನೀವು ನಿಮ್ಮ ಪದ ಅನ್ನಿ." ಅವಳ ಉತ್ತರ ಏನು ಅಂತ ಹೇಳಬೇಕಾಗಿಲ್ಲ.

ಶೆಟ್ಟರನ್ನು ಒಪ್ಪಿಸುವುದೇ ಕಷ್ಟವಾಯಿತು. "ಕೂತವರು ಏಳಬಾರದು," ಅಂತ ಹಟ ಹಿಡಿದರು. ಹಾಗಾದರೆ ಏಳುವುದು ಬೇಡ ಅಂದೆ. ಭಾನುವಾರ ಬೆಳಿಗ್ಗೆ ಪ್ರಯಾಣಿಕರೆಲ್ಲ ಸೇರಿ ಲಾಜರಸ್ ಅವರನ್ನು ಕುರ್ಚಿ ಸಮೇತ ಹೊತ್ತರು. ಶೆಟ್ಟರು ಗಾಜಿನ ಪೆಟ್ಟಿಗೆ ಹಿಡಿದರು, ನಾನು ಲ್ಯಾಪ್‌ಟಾಪು, ಲಾಜರಸ್ ಅವರ ಹೆಂಡತಿ ಹಲಗೆ. ಬಸ್ಸಿನ ದಾರಿಯಲ್ಲೇ ನಡೆದೆವು. ಹೊತ್ತವರು ಪ್ರತಿ ಸ್ಟಾಪಿನಲ್ಲೂ ಕುರ್ಚಿ ಇಳಿಸಿ ನಿಂತರು. ಕೆಲವರು ಅಲ್ಲೇ ಉಳಿದರು, ಅಲ್ಲಿ ಕಾಯುತ್ತಿದ್ದವರು ಬಂದು ಹೆಗಲು ಕೊಟ್ಟರು. ಲಾಜರಸ್ ಮೇಲೆ ಕೂತು, ಇಲ್ಲದ ಸ್ಟೀರಿಂಗನ್ನು ತಿರುವಿನಲ್ಲಿ ತಿರುಗಿಸುತ್ತಿದ್ದರು.

ಸೇತುವೆಯ ನಡುವೆ ಕುರ್ಚಿ ಇಟ್ಟೆವು. ಚಂಪಾವತಿ ಆ ಬದಿಯಲ್ಲಿ ನಿಂತಳು, ನಾನು ಈ ಬದಿಯಲ್ಲಿ. ಹಲಗೆಯನ್ನು ಕಟಕಟೆಗೆ ಒರಗಿಸಿದೆವು. ಶೆಟ್ಟರು ಮೊದಲ ಗಾಜು ತೆಗೆದು ಎರಡನೆಯದು ಹಾಕಿದರು.

"ಏನು ಕಾಣುತ್ತೆ?"

"ಒಂದು ಮಡಕೆ."

"ಇಲ್ಲ," ಅಂದೆ ನಾನು.

ಇನ್ನೊಂದು ಗಾಜು. "ಮುರಿದ ಮಡಕೆ."

"ಇಲ್ಲ."

ಹೀಗೇ ಬಹಳ ಹೊತ್ತು ನಡೆಯಿತು. ಪೆಟ್ಟಿಗೆಯ ಅಡಿ ಅಡಿಗೆ ಹೋದ ಹಾಗೆ ಗಾಜು ದಪ್ಪಗಾಗುತ್ತ ಬಂತು. ಆ ಕಡೆಯ ಗಾಜುಗಳನ್ನು ಶೆಟ್ಟರು ಯಾವತ್ತೂ ತೆಗೆದಿರಲಿಲ್ಲ, ಧೂಳು ಒರೆಸಿ ಒರೆಸಿ ಹಾಕಿದರು. ಬಿಸಿಲು ಏರಿತು. ಜನ ಬೆವರಿದರು. ನನ್ನ ಬಾಯಲ್ಲಿ ಇಲ್ಲ ಸವೆದು ಹೋಗುವಷ್ಟಾಯಿತು. ಪ್ರೆಸಿಲ್ಲಾ ಬರುವ ದಾರಿಯ ಕಡೆಗೆ ಲಾಜರಸ್ ಅವರ ಹೆಂಡತಿ ಮತ್ತೆ ಮತ್ತೆ ನೋಡುತ್ತಿದ್ದರು.

ಶೆಟ್ಟರು ಇನ್ನೊಂದು ದಪ್ಪ ಗಾಜು ಸಿಕ್ಕಿಸಿದರು. ಲಾಜರಸ್ ಕುತ್ತಿಗೆ ಮುಂದೆ ಚಾಚಿದರು. ಆಮೇಲೆ ಮೆಲ್ಲಗೆ ಹಿಂದಕ್ಕೆ ಒರಗಿದರು.

"ಮ," ಅಂದರು. "ಮೇಲಿನ ಬಲಗಡೆ ಮೂಲೆ ಸ್ವಲ್ಪ ಬಣ್ಣ ಕಿತ್ತಿದೆ."

ನಾನು ಬಾಯಿ ತೆರೆದೆ. ಇಲ್ಲ ಬರಲಿಲ್ಲ.

"ಹೌದು," ಅಂದಳು ಚಂಪಾವತಿ.

ನಮ್ಮವರಲ್ಲಿ ಎಷ್ಟೋ ಜನ ಆ ಪದವನ್ನು ಕಾರ್ಡಿನಲ್ಲಿ ಓದಿದ್ದರೇ ಹೊರತು, ಬಾಯಿಂದ ಬಂದಿದ್ದನ್ನು ಕೇಳಿರಲಿಲ್ಲ. "ಇನ್ನೊಂದ್ಸಲ ಹೇಳಮ್ಮಾ," ಅಂದರು ಯಾರೋ. ಉಳಿದ ಸಾಲುಗಳಿಗೆಲ್ಲ ಅವಳು ಹೇಳುತ್ತ ಹೋದಳು, ಪ್ರತಿ ಸಲವೂ ಜನ ಕಣ್ಣು ಮುಚ್ಚಿ ಕೇಳಿದರು. ಕೊನೆಯ ಅಕ್ಷರವಾದ ಮೇಲೆ ಲ್ಯಾಪ್‌ಟಾಪು ಅವಳ ಕೈಗೆ ಕೊಟ್ಟೆ. ಬುಧವಾರದ ಪ್ರಶ್ನೆಯನ್ನು ಅವಳು ರದ್ದು ಮಾಡಿದಳು. ಚಕ್ರ ನಿಂತಿತು. ಲಾಜರಸ್ ಎದ್ದು ನಿಂತು, ಮೊಣಕಾಲು ಹಿಡಿದುಕೊಂಡು, "ಅಪ್ಪಾ ದೇವರೇ" ಅಂದರು.

ಶೆಟ್ಟರು ಮಾತ್ರ ಮುಖ ಬಾಡಿಸಿಕೊಂಡು ನಿಂತಿದ್ದರು. ಲೆಕ್ಕ ಅವರಿಗೆ ಆಗ ಹೊಳೆದಿತ್ತು. "ಹಾಗಾದರೆ ಊರಿಗೆಲ್ಲ ನಾನು ಹಾಕಿದ ಮೊದಲ ಗಾಜು?" ಅಂದರು. ಬರೀ ಕಿಟಕಿ ಗಾಜಿಗಿಂತ ಅದು ಹೆಚ್ಚೇನಲ್ಲ ಅಂದೆ. ಅವರು ಅಲ್ಲೇ ನಿಂತವರನ್ನು ಕನ್ನಡಕ ವಾಪಸು ಕೊಡಿ, ಮತ್ತೆ ಪರೀಕ್ಷೆ ಮಾಡುತ್ತೇನೆ ಅಂತ ಬೇಡಿಕೊಂಡರು. ಯಾರೂ ಕೊಡಲಿಲ್ಲ. "ಇದಕ್ಕೆ ಆಚೆಯಿಂದ ಆ ಪದ ಬಂದಿದೆ," ಅಂತ ಹಿಟ್ಟಿನ ಗಿರಣಿಯ ಯಜಮಾನರು ಎರಡೂ ಕೈಯಲ್ಲಿ ಕನ್ನಡಕ ಒತ್ತಿ ಹಿಡಿದುಕೊಂಡರು.

ಚಂಪಾವತಿ ನನ್ನನ್ನು ಪಕ್ಕಕ್ಕೆ ಕರೆದಳು. "ನಿಮ್ಮ ಆ ಪದ ಎಷ್ಟು ಚೆನ್ನಾಗಿ ಹೇಳ್ತೀರಿ! ಒಂದು ಸಹಾಯ ಕೇಳಲಾ? ನನ್ನನ್ನು ಮದುವೆ ಆಗ್ತೀಯಾ ಅಂತ ಕೇಳಿದವರಿಗೆಲ್ಲ ಹೌದು ಅಂದು ಅಂದು ನಾಲ್ಕು ಮನೆಯಲ್ಲಿ ನಿಶ್ಚಿತಾರ್ಥ ಆಗಿದೆ. ನನ್ನ ಪರವಾಗಿ ಬಂದು ಹೇಳ್ತೀರಾ?"

"ಬರಲ್ಲ ಅನ್ನಲ್ಲ. ನಾಲ್ಕು ಮನೆಗೂನಾ?"

ಅವಳು ಸೆರಗಿನ ತುದಿ ಸುತ್ತಿದಳು. "ಮೂರಕ್ಕೆ," ಅಂದಳು.

ಅಷ್ಟರಲ್ಲಿ ಆಚೆಯ ದಾರಿಯಲ್ಲಿ ಪ್ರೆಸಿಲ್ಲಾ ಕಾಣಿಸಿದಳು. ಕೊಡೆಯ ನೆರಳಿನಲ್ಲಿ ಮಗುವನ್ನು ಎದೆಗೆ ಅವಚಿಕೊಂಡಿದ್ದಳು. ಬಸ್ಸು ಇಲ್ಲದ್ದನ್ನು ನೋಡಿ ಸೇತುವೆಯ ತುದಿಯಲ್ಲಿ ಕಾಲು ತಡೆದಳು. ಆಮೇಲೆ ಜನರ ನಡುವೆ, ಮೂಗಿನ ಮೇಲೆ ಕಬ್ಬಿಣದ ಚಕ್ರಗಳ ಹಾಗಿದ್ದ ಫ್ರೇಮು ಹೊತ್ತು ನಿಂತ ಅಪ್ಪನನ್ನು ಗುರುತಿಸಿದಳು. ಲಾಜರಸ್ ಯಾರ ಕೈಯನ್ನೂ ಹಿಡಿಯದೆ ನಡೆದು ಹೋದರು. ಮುಂದಿನ ಸಾಲಿನ ಪ್ರಯಾಣಿಕರು ಅಭ್ಯಾಸದಿಂದ "ಎಡಕ್ಕ..." ಅಂತ ಶುರು ಮಾಡಿ, ಅರ್ಧಕ್ಕೆ ಸುಮ್ಮನಾದರು.

ಅವಳು ಮಗುವನ್ನು ಅಪ್ಪನ ತೋಳಿಗೆ ಕೊಟ್ಟು, ಮುಖದ ಮೇಲಿನ ಬಟ್ಟೆ ಸರಿಸಿದಳು.

"ಕಾಣುತ್ತಾ ಅಪ್ಪಾ?"

ಲಾಜರಸ್ ಬಾಯಿ ತೆರೆದರು. ತುಟಿಗಳು ಅಲುಗಿದವು, ಹೌದು ಬರಲಿಲ್ಲ. ಪ್ರೆಸಿಲ್ಲಾಳ ಮುಖ ಸಣ್ಣಗಾಗುತ್ತಿತ್ತು. ಚಂಪಾವತಿ ಒಂದು ಹೆಜ್ಜೆ ಮುಂದಿಟ್ಟಳು, ನಾನು ಅವಳ ಕೈ ಹಿಡಿದು ನಿಲ್ಲಿಸಿದೆ.

ಅವರು ಮಗುವನ್ನು ಇನ್ನಷ್ಟು ಹತ್ತಿರ ತಂದುಕೊಂಡು, ಒಂದು ಬದಿಗೆ ಹೊರಳಿಸಿ, ಬಾಗಿ ನೋಡಿದರು.

"ಎಡಗಿವಿ ಹಿಂದೆ ಸಾಸಿವೆ ಕಾಳಿನಷ್ಟು ಒಂದು ಮಚ್ಚೆ ಇದೆ," ಅಂದರು.

"ಎಲ್ಲಿ?" ಅಂದಳು ಪ್ರೆಸಿಲ್ಲಾ. ಅವಳು ಅದನ್ನು ಆವರೆಗೆ ನೋಡಿರಲಿಲ್ಲ. ಕೊಡೆಯನ್ನು ನೆಲಕ್ಕೆ ಬಿಟ್ಟು, ಅಪ್ಪನ ಹೆಗಲಿಗೆ ತಲೆ ತಾಗಿಸಿ ಅವಳೂ ಬಾಗಿದಳು.